ಜನರಿರುವ ಕಟ್ಟಡದ ಮಾಡಿನ ಕೆಲಸ: ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಂಗಡಿ, ಶಾಲೆ, ಬಸದಿಗಳವರು ತಿಳಿದಿರಬೇಕಾದ ಸಂಗತಿಗಳು

ಹೊಸದಾಗಿ ಕಟ್ಟುವ ಕಟ್ಟಡಕ್ಕೆ ಮಾಡು ಹಾಕುವಾಗ ಅದರ ಕೆಳಗೆ ಯಾರೂ ವಾಸವಿರುವುದಿಲ್ಲ. ಹಂಚು ಜಾರಿ ಬಿದ್ದರೆ ಹಂಚು ಒಡೆಯುತ್ತದೆ, ಅಷ್ಟೆ. ಐವತ್ತು, ನೂರು ವರ್ಷದ ಹಳೆಯ ಮಾಡನ್ನು ಬಿಚ್ಚಿ ಸರಿಪಡಿಸುವಾಗ ಹಾಗಲ್ಲ. ಕೆಳಗೆ ಅಂಗಡಿಯಲ್ಲಿ ಸರಕು ತುಂಬಿರುತ್ತದೆ, ವಿದ್ಯಾರ್ಥಿನಿಲಯದಲ್ಲಿ ಮಕ್ಕಳಿರುತ್ತಾರೆ, ಆಸ್ಪತ್ರೆಯಲ್ಲಿ ರೋಗಿಗಳಿರುತ್ತಾರೆ, ಬಸದಿಯಲ್ಲಿ ನಿತ್ಯದ ಅಭಿಷೇಕ, ಪೂಜೆ ನಡೆಯುತ್ತಿರುತ್ತದೆ. ಇವುಗಳನ್ನೆಲ್ಲ ಎರಡು ತಿಂಗಳು ನಿಲ್ಲಿಸಿ ಕೆಲಸ ಮಾಡಿಸುವುದು ಆಗದ ಮಾತು. ಇಂಥ ಕಡೆ ಮಾಡಿನ ಕೆಲಸ ವಹಿಸುವ ಬಸದಿಯ ಮೊಕ್ತೇಸರರು, ಅಂಗಡಿ ಮಾಲೀಕರು ಮತ್ತು ಶಾಲಾ ಸಮಿತಿಯವರ ಉಪಯೋಗಕ್ಕಾಗಿ ನಮ್ಮ ಜಿಲ್ಲೆಯ ಹವೆ ಮತ್ತು ಕಟ್ಟಡಗಳಿಗೆ ಹೊಂದುವ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಎಲ್ಲಕ್ಕಿಂತ ಮೊದಲು ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಬೇಕು. ಸಂಜೆಯೊಳಗೆ ಎಷ್ಟು ಮುಚ್ಚಲು ಸಾಧ್ಯವೋ ಬೆಳಿಗ್ಗೆ ಅಷ್ಟು ಮಾತ್ರ ಬಿಚ್ಚಬೇಕು. ಗುತ್ತಿಗೆದಾರರಿಗೆ ಇಡೀ ಮಾಡನ್ನು ಒಮ್ಮೆಗೇ ಬಿಚ್ಚಿದರೆ ಕೂಲಿ ಉಳಿಯುತ್ತದೆ, ಅದಕ್ಕಾಗಿ ಅವರು ಹಾಗೆಯೇ ಹೇಳುತ್ತಾರೆ. ಖಾಲಿ ಗೋದಾಮಿಗೆ ಅದು ಸರಿ ಇರಬಹುದು. ಕೆಳಗೆ ಜನ, ಜಿನಬಿಂಬ ಅಥವಾ ಸರಕು ಇರುವಲ್ಲಿ ಸರಿಯಲ್ಲ.

ಕಾಲ ನೋಡಿ ಕೆಲಸ

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇದ್ದೇ ಇದೆ. ಹೀಗಾಗಿ ಮಾಡಿನ ಕೆಲಸಕ್ಕೆ ಸಿಗುವುದು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಆರು ತಿಂಗಳು. ಕಾಗದದ ಮೇಲೆ ಆರು ತಿಂಗಳು ಎಂದು ಕಾಣುವುದು ಲೆಕ್ಕ ಹಾಕಿದರೆ ಮೂರೇ ಆಗುತ್ತದೆ. ಮದುವೆ, ವಾರ್ಷಿಕೋತ್ಸವ, ಮಾರ್ಚ್‌ನ ಪರೀಕ್ಷೆ, ಮಹಾವೀರ ಜಯಂತಿ ಎಲ್ಲವೂ ಇದೇ ಅವಧಿಯಲ್ಲಿ ಬರುತ್ತವೆ. ಒಳ್ಳೆಯ ಮೇಸ್ತ್ರಿಗಳ ಕೈಯಲ್ಲಿ ಯುಗಾದಿಯ ಹೊತ್ತಿಗೆ ಹತ್ತು ಮಾಡುಗಳ ಕೆಲಸ ಇರುತ್ತದೆ. ಮೇ ತಿಂಗಳಲ್ಲಿ ಶುರು ಮಾಡಿ ಪತ್ತನಾಜೆಯೊಳಗೆ ಮುಗಿಸುತ್ತೇವೆ ಎನ್ನುವವರ ಮಾತನ್ನು ನಂಬಬಾರದು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದದ್ದು ಮಳೆಗಾಲಕ್ಕೆ ಎರಡು ವಾರ ಮೊದಲು. ಆ ದಿನ ಯಾರ ಮಾಡು ಬಿಚ್ಚಿ ಇಟ್ಟಿತ್ತೋ ಅವರ ಪಾಡು ಏನಾಗಿರಬಹುದು ಎಂದು ಊಹಿಸಬಹುದು.

ಆದ್ದರಿಂದ ತೀರ್ಮಾನ ಆಗಬೇಕಾದದ್ದು ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಎಲ್ಲ ಮಾಡುಗಳೂ ಚೆನ್ನಾಗಿಯೇ ಕಾಣುತ್ತವೆ. ಜುಲೈ, ಆಗಸ್ಟ್‌ನಲ್ಲಿ ಜೋರು ಮಳೆ ಬರುವಾಗ ಒಬ್ಬರು ಒಳಗೆ ಸುತ್ತಿ, ಎಲ್ಲೆಲ್ಲಿ ನೀರು ಬೀಳುತ್ತದೆ ಎಂದು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು, ದಿನಾಂಕ ಬರೆದಿಡಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದೂ ಬರೆಯಬೇಕು. ಪಡುವಣ ಗಾಳಿಗೆ ಮಾತ್ರ ಸೋರುವ ಮಾಡು ಇರುತ್ತದೆ, ಅದಕ್ಕೆ ಹಂಚು ಬದಲಿಸಿ ಪ್ರಯೋಜನವಿಲ್ಲ, ಅಂಚನ್ನು ಸರಿಪಡಿಸಬೇಕು. ನೀರು ಒಳಗೆ ಬರುವ ಜಾಗವೂ ಕೆಳಗೆ ತೊಟ್ಟಿಕ್ಕುವ ಜಾಗವೂ ಒಂದೇ ಆಗಿರುವುದಿಲ್ಲ ಎನ್ನುವುದನ್ನೂ ನೆನಪಿಡಬೇಕು. ಮಾಡಿನ ನೆತ್ತಿಯ ಹತ್ತಿರ ಒಳಬಂದ ನೀರು ಪಕ್ಕಾಸಿನ ಮೇಲೆ ಹತ್ತು ಅಡಿ ಹರಿದು, ಗೋಡೆಯ ಹತ್ತಿರ ಬೀಳುತ್ತದೆ. ಗೋಡೆ ಸೋರುತ್ತಿದೆ ಎಂದು ಗೋಡೆಗೆ ಸಾರಣೆ ಮಾಡಿಸಿ ದುಡ್ಡು ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ.

ಬಸದಿಗಳಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ಸೋರುವ ಕಾಲವೂ ಚಾತುರ್ಮಾಸದ ಕಾಲವೂ ಒಂದೇ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚು ಎಂಬ ಕಾರಣಕ್ಕೆ ಮುನಿಗಳು, ಮಾತಾಜಿಯವರು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ. ಜನ ಹೆಚ್ಚು ಸೇರುವ ಹೊತ್ತಿನಲ್ಲೇ ಮಾಡು ಸೋರುತ್ತದೆ, ಸಮಿತಿಯವರ ಮೇಲೆ ಒತ್ತಡ ಬೀಳುತ್ತದೆ, ಯಾರನ್ನಾದರೂ ಮೇಲೆ ಹತ್ತಿಸಿ ಎಂದು ಹೇಳುವವರು ಹೇಳುತ್ತಾರೆ. ಹತ್ತಿಸಬಾರದು. ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಆಗ ಮಾಡಬಹುದಾದದ್ದು ಒಳಗಿನಿಂದ ನೀರನ್ನು ಹಿಡಿದು ಹೊರಗೆ ಬಿಡುವುದು, ಮಳೆ ಬಿಟ್ಟ ದಿನ ಸಾರುವೆಯ ಮೇಲೆ ನಿಂತು ದಪ್ಪ ಟರ್ಪಾಲು ಹೊದಿಸಿ ಹಗ್ಗದಲ್ಲಿ ಬಿಗಿಯುವುದು, ಇಷ್ಟೆ.

ಹಂಚಿನ ಮಾಡು

ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ಬದಲಾದವು. ಮಲ್ಪೆಯಲ್ಲೂ ಅವರ ಕಾರ್ಖಾನೆ ಇತ್ತು. ಇಂದಿಗೂ ನಮ್ಮ ಕಡೆಯ ಹಳೆಯ ಅಂಗಡಿ ಸಾಲು, ಶಾಲೆ, ಛತ್ರ, ಬಸದಿಯ ಹೊರಸುತ್ತು ಹೆಚ್ಚಾಗಿ ಹಂಚಿನದೇ. ಒಂದು ಹಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ನೂರು ಚದರ ಅಡಿ ಮಾಡಿಗೆ 140ರಷ್ಟು ಹಂಚು ಬೇಕು. ಅಂದರೆ ಆ ನೂರು ಚದರ ಅಡಿಯ ಮೇಲೆ ಸುಮಾರು ಮೂರೂವರೆ ಕ್ವಿಂಟಲ್ ಭಾರ ಕೂತಿರುತ್ತದೆ, ಮಳೆಯಲ್ಲಿ ನೀರು ಕುಡಿದಾಗ ಇನ್ನೂ ಹೆಚ್ಚು.

ಈ ಭಾರದಿಂದಲೇ ಹಳೆಯ ಮಾಡು ಗಾಳಿಗೆ ಹಾರದೆ ನಿಂತಿದೆ. ಹಂಚು ತೆಗೆದು ಅದೇ ಪಕ್ಕಾಸಿನ ಮೇಲೆ ಶೀಟು ಹೊಡೆದರೆ ಮಾಡು ಹಗುರವಾಗುತ್ತದೆ, ಆದರೆ ಪಕ್ಕಾಸನ್ನು ಗೋಡೆಗೆ ಹಿಡಿದಿಟ್ಟದ್ದು ಭಾರವೇ ಹೊರತು ಬೋಲ್ಟಲ್ಲ. ಜೂನ್‌ನ ಮೊದಲ ಗಾಳಿಗೆ ಶೀಟು, ರೀಪು, ಪಕ್ಕಾಸು ಎಲ್ಲವೂ ಒಟ್ಟಿಗೆ ಎದ್ದು ಪಕ್ಕದವರ ಅಂಗಳಕ್ಕೆ ಹೋದ ಪ್ರಸಂಗಗಳಿಗೆ ಕಾರಣ ಇದು. ಶೀಟು ಹಾಕುವುದೇ ಆದರೆ ಮೊದಲು ಗೋಡೆಯ ಮೇಲೆ ಕಟ್ಟು ಹಾಕಿ, ಪ್ರತಿ ಪಕ್ಕಾಸನ್ನು ಬಿಗಿಯಲೇಬೇಕು. ಕೊಟೇಶನಿನಲ್ಲಿ ಈ ಖರ್ಚು ಇದೆಯೇ ಎಂದು ನೋಡಬೇಕು. ಶಾಲೆಯವರು ಇನ್ನೊಂದನ್ನೂ ಯೋಚಿಸಬೇಕು: ಶೀಟಿನ ಕೆಳಗೆ ಜುಲೈ ತಿಂಗಳ ಮಳೆಯಲ್ಲಿ ಮೇಷ್ಟ್ರ ಮಾತು ಮೂರನೇ ಬೆಂಚಿಗೂ ಕೇಳುವುದಿಲ್ಲ, ಏಪ್ರಿಲ್‌ನಲ್ಲಿ ಕುಳಿತುಕೊಳ್ಳಲು ಆಗುವುದಿಲ್ಲ.

ಹಂಚನ್ನೇ ಉಳಿಸಿಕೊಳ್ಳುವವರಿಗೆ ಇರುವ ಕಷ್ಟ ಬೇರೆ. ಹಳೆಯ ಕಾರ್ಖಾನೆಗಳು ಬಹಳಷ್ಟು ಮುಚ್ಚಿವೆ. ಒಂದು ಅಚ್ಚಿನ ಹಂಚಿನ ತೋಡು ಇನ್ನೊಂದು ಅಚ್ಚಿನ ಹಂಚಿಗೆ ಕೂರುವುದಿಲ್ಲ, ನೋಡಲು ಒಂದೇ ಥರ ಇದ್ದರೂ ಸಂದಿಯಲ್ಲಿ ಸೋರುತ್ತದೆ. ಹಂಚಿನ ಬೆನ್ನಿನಲ್ಲಿರುವ ಹೆಸರನ್ನು ಓದಿ, ಅದೇ ಅಚ್ಚಿನದನ್ನು ಊರಿನಲ್ಲಿ ಹಳೆಯ ಮನೆ ಕೆಡವುವವರಿಂದ ಕೊಂಡು ಇನ್ನೂರು ಮುನ್ನೂರು ದಾಸ್ತಾನು ಇಡುವುದು ಜಾಣತನ. ಬೇರೆ ಬೇರೆ ಅಚ್ಚಿನ ಹಂಚು ಹಾಕಲೇಬೇಕಾದರೆ ಅವುಗಳನ್ನು ಬೆರೆಸದೆ, ಮಾಡಿನ ಒಂದು ಪೂರ್ತಿ ಮಗ್ಗುಲಿಗೆ ಒಂದು ಅಚ್ಚು ಎಂದು ಹಂಚಬೇಕು.

ಮರದ ವಿಷಯದಲ್ಲಿ ಆತುರ ಬೇಡ. ಹಲಸು, ಕಿರಾಲುಬೋಗಿಯ ಹಳೆಯ ಪಕ್ಕಾಸುಗಳು ಗೋಡೆಗೆ ತಾಗಿದ ತುದಿಯಲ್ಲಿ ಮಾತ್ರ ಕೆಟ್ಟಿರುತ್ತವೆ, ಉಳಿದ ಭಾಗ ಗಟ್ಟಿ ಇರುತ್ತದೆ. ತುದಿ ಕತ್ತರಿಸಿ ಹೊಸ ತುಂಡು ಬೆಸೆಯಬಲ್ಲ ಬಡಗಿ ಆಚಾರ್ಯರು ಕಾರ್ಕಳ ಕಡೆ ಇನ್ನೂ ಸಿಗುತ್ತಾರೆ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ಸಂಖ್ಯೆ ಬರೆದು ನಕ್ಷೆ ಇಟ್ಟುಕೊಳ್ಳಬೇಕು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಜೀರ್ಣೋದ್ಧಾರಕ್ಕೆ ಕೈಹಾಕುವ ಸಮಿತಿಯವರು ಒಮ್ಮೆ ಅಲ್ಲಿಗೆ ಹೋಗಿ, ಹಳೆಯ ಮರಗೆಲಸ ಬಿಚ್ಚಿದರೂ ಮತ್ತೆ ಕೂಡುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ಕಲ್ಲಿನ ಮಾಡು, ತಾಮ್ರದ ಹೊದಿಕೆ

ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಇಮ್ಮಡಿ ಭೈರರಸ ಒಡೆಯರು ಕಟ್ಟಿಸಿದರು. ಗೋಡೆ, ಕಂಬಗಳಂತೆ ಅದರ ಮಾಡೂ ಕಲ್ಲಿನ ಚಪ್ಪಡಿಯದು. ಕಲ್ಲು ಸೋರುವುದಿಲ್ಲ, ಸೋರುವುದು ಚಪ್ಪಡಿಗಳ ನಡುವಿನ ಸಂದಿ. ಹಿಂದಿನವರು ಇಂಥ ಸಂದಿಗೆ ಸುಣ್ಣದ ಗಾರೆ ತುಂಬುತ್ತಿದ್ದರು. ಕರಾವಳಿಯಲ್ಲಿ ಚಿಪ್ಪಿನ ಸುಣ್ಣ, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಹದ ಮಾಡುವ ಕ್ರಮ ಇತ್ತು. ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ. ಸುಣ್ಣ ಅದರ ಜೊತೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಸಿಮೆಂಟು ಹೊಂದಿಕೊಳ್ಳುವುದಿಲ್ಲ, ಎರಡು ಮೂರು ಮಳೆಗಾಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಹೋದ ನೀರು ಹೊರಬರಲು ದಾರಿ ಇಲ್ಲದೆ ಒಳಗೇ ನಿಲ್ಲುತ್ತದೆ. ಹಳೆಯ ಕಲ್ಲಿನ ಮಾಡಿಗೆ ಸಿಮೆಂಟು ಬಳಿದು ಕೈತೊಳೆದುಕೊಳ್ಳುವುದು ಅಗ್ಗದ ದಾರಿಯೇ ಹೌದು. ಆದರೆ ಮತ್ತೆ ಮತ್ತೆ ಬಳಿಯಬೇಕಾಗುತ್ತದೆ, ಪ್ರತಿ ಸಲ ಕಲ್ಲಿನ ಅಂಚು ಸ್ವಲ್ಪ ಸ್ವಲ್ಪ ಹೋಗುತ್ತದೆ.

ಚತುರ್ಮುಖ ಬಸದಿ, ಗೊಮ್ಮಟಬೆಟ್ಟದ ಬಾಹುಬಲಿ ಮೂರ್ತಿ ಇವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು. ಅವುಗಳ ಮೇಲೆ ಇಲಾಖೆಯ ಹೊರತು ಬೇರೆ ಯಾರೂ ಕೈ ಇಡುವಂತಿಲ್ಲ, ಇದು ಎಲ್ಲರಿಗೂ ಗೊತ್ತಿದೆ. ಅಷ್ಟಾಗಿ ಗೊತ್ತಿಲ್ಲದ್ದು ಸುತ್ತಮುತ್ತಲಿನವರ ಹೊಣೆ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಜಾಗದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಮೊದಲಿಂದ ಇರುವ ಮನೆ, ಅಂಗಡಿಯ ದುರಸ್ತಿಗೂ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಹಂಚು ತೆಗೆದು ಎತ್ತರಿಸಿ ಶೀಟು ಹಾಕಿದರೆ ಅದನ್ನು ದುರಸ್ತಿ ಎಂದು ಒಪ್ಪಿಸುವುದು ಕಷ್ಟ. ನಿಷೇಧಿತ ವಲಯದಲ್ಲಿ ನಿಯಮ ಮೀರಿ ಕಟ್ಟಿದವರಿಗೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಅನುಮತಿಗೆ ತಿಂಗಳುಗಳೇ ಹಿಡಿಯುತ್ತವೆ. ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಗರ್ಭಗೃಹದ ಮೇಲೆ ತಾಮ್ರದ ತಗಡು ಹೊದಿಸುವುದು ನಮ್ಮ ಬಸದಿಗಳಲ್ಲೂ ದೇವಸ್ಥಾನಗಳಲ್ಲೂ ರೂಢಿ. ತಾಮ್ರ ಉತ್ತಮ, ನೂರು ವರ್ಷ ಬಾಳುತ್ತದೆ. ಆದರೆ ತಾಮ್ರಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಮೊಳೆ ಕೆಲವೇ ವರ್ಷದಲ್ಲಿ ಕರಗಿ ಹೋಗುತ್ತದೆ, ತಗಡು ಸಡಿಲವಾಗುತ್ತದೆ. ತಾಮ್ರದ ಮೊಳೆಯೇ ಬೇಕು. ಹಾಗೆಯೇ ತಾಮ್ರದ ಮಾಡಿನಿಂದ ಇಳಿದ ನೀರು ಸತುವಿನ ಲೇಪದ ತಗಡಿನ ದಂಬೆಗೆ ಬಿದ್ದರೆ ಆ ದಂಬೆ ಬೇಗ ತೂತು ಬೀಳುತ್ತದೆ. ಮೇಲಿನ ಮಾಡಿಗೆ ದಾನಿಗಳು ಸಿಕ್ಕಿ ತಾಮ್ರ ಬಂತು, ಕೆಳಗಿನ ದಂಬೆಗೆ ಯಾರೂ ಸಿಗದೆ ಅಗ್ಗದ ತಗಡು ಬಂತು ಎಂಬಲ್ಲಿ ಹೀಗಾಗುತ್ತದೆ. ದಂಬೆಗೂ ದಾನಿಗಳನ್ನು ಹುಡುಕಬೇಕು, ಫಲಕದಲ್ಲಿ ಅವರ ಹೆಸರನ್ನೂ ಹಾಕಬಹುದು.

ನಿತ್ಯಪೂಜೆ ನಿಲ್ಲಿಸದೆ ಮಾಡಿನ ಕೆಲಸ ಮಾಡಿದ್ದಕ್ಕೆ ದೊಡ್ಡ ಉದಾಹರಣೆ ಉಡುಪಿ ಶ್ರೀಕೃಷ್ಣ ಮಠದ್ದು. ಪಲಿಮಾರು ಮಠದ ಪರ್ಯಾಯದಲ್ಲಿ, 2019ರ ಜೂನ್‌ನಲ್ಲಿ ಗರ್ಭಗುಡಿಯ ಮೇಲಿನ ಸುವರ್ಣ ಗೋಪುರ ಸಮರ್ಪಣೆಯಾಯಿತು. ಮಳೆ ಗಟ್ಟಿಯಾಗುವ ಮೊದಲೇ ಮುಗಿಸಿದ್ದನ್ನು ಗಮನಿಸಬೇಕು. ನಮ್ಮ ಸಣ್ಣ ಬಸದಿಗಳಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಡ, ಕ್ರಮ ಮಾತ್ರ ಅದೇ. ಮೊದಲು ಹಳೆಯ ಮಾಡಿಗಿಂತ ಮೇಲೆ ಕಬ್ಬಿಣದ ಕಂಬಗಳ ಮೇಲೆ ತಾತ್ಕಾಲಿಕ ಶೀಟಿನ ಚಪ್ಪರ ನಿಲ್ಲಿಸಬೇಕು. ಆಮೇಲೆ ಅದರ ಕೆಳಗೆ ಹಳೆಯ ಮಾಡು ಬಿಚ್ಚಬೇಕು. ಒಳಗೆ ಮುಚ್ಚಿಗೆಯ ಕೆಳಗೆ ದಪ್ಪ ಬಟ್ಟೆ ಕಟ್ಟಬೇಕು. ಬೆಳಗಿನ ಅಭಿಷೇಕ, ಪೂಜೆ ಮುಗಿದು ಇಂದ್ರರು ಹೇಳಿದ ಮೇಲೆ ಕೆಲಸ ಶುರು, ಸಂಜೆಯ ಆರತಿಗೆ ಒಂದು ಗಂಟೆ ಮೊದಲು ಕೆಲಸ ನಿಲ್ಲಿಸಿ ಗುಡಿಸಿ ಒರೆಸುವುದು. ಗರ್ಭಗೃಹದ ಮೇಲೇ ಕೆಲಸ ಇದ್ದಾಗ ಬಿಂಬವನ್ನು ಸ್ಥಳಾಂತರಿಸಬೇಕೇ, ಧಾಮ ಸಂಪ್ರೋಕ್ಷಣೆ ಯಾವಾಗ ಎಂಬುದನ್ನು ಮಠದ ಭಟ್ಟಾರಕ ಸ್ವಾಮೀಜಿಯವರಲ್ಲಿ ಕೇಳಿ, ಅವರ ಆದೇಶ ಬಂದ ಮೇಲೆಯೇ ಗುತ್ತಿಗೆದಾರರಿಗೆ ದಿನಾಂಕ ಕೊಡಬೇಕು. ದಿನಾಂಕ ಕೊಟ್ಟ ಮೇಲೆ ಕೇಳಲು ಹೋದರೆ ಇಬ್ಬರ ಮುಂದೆಯೂ ತಲೆತಗ್ಗಿಸಬೇಕಾಗುತ್ತದೆ. ಬಸದಿಯಲ್ಲಿ ತಾಳೆಗರಿ, ಕಡತಗಳಿದ್ದರೆ ಅವನ್ನು ಮೊದಲ ದಿನವೇ ಒಣಗಿದ ಬೇರೆ ಕೋಣೆಗೆ ಸಾಗಿಸಬೇಕು.

ವರಂಗದ ಕೆರೆ ಬಸದಿಯಂಥ ಕಡೆ ಕಷ್ಟ ಇನ್ನೂ ಹೆಚ್ಚು. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಸುಣ್ಣ, ಮರಳು, ಕಂಬ, ಏಣಿ ಎಲ್ಲವೂ ದೋಣಿಯಲ್ಲೇ ಬರಬೇಕು, ಕಸವೂ ದೋಣಿಯಲ್ಲೇ ಹೋಗಬೇಕು. ಸುಣ್ಣದ ನೀರು, ಬಣ್ಣ ತೊಳೆದ ನೀರು ಕೆರೆಗೆ ಇಳಿದರೆ ಮೀನು ಸಾಯುತ್ತದೆ. ಇಂಥ ಜಾಗದಲ್ಲಿ ಚದರ ಅಡಿ ಲೆಕ್ಕದ ಗುತ್ತಿಗೆ ಹೊಂದುವುದಿಲ್ಲ, ದಿನಗೂಲಿ ಲೆಕ್ಕದಲ್ಲಿ ನಂಬಿಕೆಯ ಮೇಸ್ತ್ರಿಯನ್ನು ಇಟ್ಟು ನಿಧಾನವಾಗಿ ಮಾಡಿಸುವುದೇ ಸರಿ.

ಕಾಪುವಿನ ಉಪ್ಪುಗಾಳಿ, ಮಣಿಪಾಲದ ಟೆರೇಸು

ಕಾಪು, ಪಡುಬಿದ್ರಿ, ಮಲ್ಪೆಯಂಥ ಕಡಲ ಬದಿಯ ಊರಿನಲ್ಲಿ ಶೀಟು ಕೆಡುವುದು ಸ್ಕ್ರೂವಿನ ತೂತಿನಿಂದ. ಶೀಟಿಗೆ ಹತ್ತು ವರ್ಷದ ಗ್ಯಾರಂಟಿ ಕೊಟ್ಟು, ಸ್ಕ್ರೂವಿಗೆ ಯಾವ ಗ್ಯಾರಂಟಿಯೂ ಇಲ್ಲದಿದ್ದರೆ ಆ ಗ್ಯಾರಂಟಿಗೆ ಅರ್ಥವಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಒಳ್ಳೆಯ ರಬ್ಬರ್ ವಾಷರ್ ಬೇಕೆಂದು ಬರವಣಿಗೆಯಲ್ಲಿ ಹೇಳಬೇಕು. ಶೀಟು ಕತ್ತರಿಸಿದ ಅಂಚಿಗೆ ಆ ದಿನವೇ ಬಣ್ಣ ಬಳಿಯಬೇಕು. ಕಟ್ಟರ್‌ನ ಕಿಡಿ, ಕಬ್ಬಿಣದ ಪುಡಿ ಶೀಟಿನ ಮೇಲೆ ಉಳಿದರೆ ಒಂದೇ ಮಳೆಗೆ ಅಲ್ಲೆಲ್ಲ ಕೆಂಪು ಚುಕ್ಕೆ ಏಳುತ್ತದೆ.

ಹಳೆಯ ಅಂಗಡಿ, ಅಕ್ಕಿ ಗಿರಣಿ, ಗೋದಾಮುಗಳ ಮೇಲೆ ಇನ್ನೂ ಆಸ್ಬೆಸ್ಟಾಸ್ ಸಿಮೆಂಟು ಶೀಟುಗಳಿವೆ. ಎಲ್ಲ ಬಗೆಯ ಆಸ್ಬೆಸ್ಟಾಸ್ ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶೀಟು ಇಡಿಯಾಗಿ ಇರುವವರೆಗೆ ಅಪಾಯ ಕಡಿಮೆ, ಒಡೆದಾಗ, ಕೊರೆದಾಗ, ಉಜ್ಜಿದಾಗ ನಾರು ಗಾಳಿಗೆ ಬರುತ್ತದೆ. ಆದ್ದರಿಂದ ಅದನ್ನು ಒಡೆದು ಕೆಳಗೆ ಎಸೆಯಬಾರದು. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಬೇಕು. ಆ ದಿನ ಕೆಳಗಿನ ಅಂಗಡಿ ಮುಚ್ಚಿರಲಿ, ಅಕ್ಕಿ, ಬೇಳೆ, ದಿನಸಿ ಇದ್ದರೆ ಹೊರಗೆ ಸಾಗಿಸಿರಲಿ. ಒಂದು ದಿನದ ವ್ಯಾಪಾರ ಹೋದರೂ ಚಿಂತೆಯಿಲ್ಲ. ತುಂಡುಗಳನ್ನು ರಸ್ತೆ ಗುಂಡಿಗೆ ತುಂಬಲು ಕೊಡುವ ಅಭ್ಯಾಸವನ್ನು ಬಿಡಬೇಕು.

ಮಣಿಪಾಲದಲ್ಲಿ ಕಟ್ಟಡಗಳು ಹೆಚ್ಚಾಗಿ ಕಾಂಕ್ರೀಟಿನವು. ಊರಿಡೀ ಆಸ್ಪತ್ರೆ, ಕಾಲೇಜು, ವಿದ್ಯಾರ್ಥಿನಿಲಯಗಳು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆ, ಶಾಲೆ ಕಾಲೇಜುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯದ ಮಾತಿದೆ. ಅಲ್ಲಿ ಹಗಲಿನ ಮಿತಿ 50 ಡೆಸಿಬಲ್. ಕಾಂಕ್ರೀಟು ಒಡೆಯುವ ಯಂತ್ರದ ಸದ್ದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಡೆಯುವ ಕೆಲಸ ಬೇಕೇ ಬೇಕೆಂದಾದರೆ ಪಕ್ಕದವರೊಂದಿಗೆ ಕೂತು ಮಾತಾಡಿ, ದಿನಕ್ಕೆ ಎರಡು ಗಂಟೆ ಎಂದು ಗೊತ್ತುಮಾಡಬೇಕು. ಧೂಳಿನ ವಿಷಯ ಇನ್ನೂ ಗಂಭೀರ. ಹಳೆಯ ಮಾಡು ಒಡೆದಾಗ ಏಳುವ ಧೂಳಿನಲ್ಲಿ ಶಿಲೀಂಧ್ರದ ಬೀಜಕಣಗಳಿರುತ್ತವೆ. ಆರೋಗ್ಯವಂತರಿಗೆ ಅದು ಏನೂ ಮಾಡದು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ, ಅಂಗಾಂಗ ಕಸಿ ಆದವರ ಶ್ವಾಸಕೋಶಕ್ಕೆ ಮಾರಕವಾಗಬಹುದು. ಎ.ಸಿ.ಗೆ ಹೊರಗಾಳಿ ಎಳೆಯುವ ಬಾಯಿ ಬಹಳ ಕಟ್ಟಡಗಳಲ್ಲಿ ಟೆರೇಸಿನ ಮೇಲೆಯೇ ಇರುತ್ತದೆ. ಅದರ ಪಕ್ಕದಲ್ಲಿ ಧೂಳು ಎಬ್ಬಿಸಿದರೆ, ಟಾರು ಕಾಯಿಸಿದರೆ, ವಾಸನೆಯ ವಾಟರ್‌ಪ್ರೂಫಿಂಗ್ ಬಳಿದರೆ ಎಲ್ಲವೂ ನೇರ ಕೆಳಗಿನ ಕೋಣೆಗಳಿಗೆ ಹೋಗುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಆ ಬಾಯಿಯನ್ನು ಕಟ್ಟಡದವರ ಒಪ್ಪಿಗೆಯಿಂದ ಮುಚ್ಚಿ, ಸಂಜೆ ತೆರೆಯಲು ಒಬ್ಬರನ್ನು ನೇಮಿಸಬೇಕು.

ಬೆಂಕಿ ಹಚ್ಚಿ ಅಂಟಿಸುವ ಟಾರಿನ ಹಾಳೆಯನ್ನು ಮರದ ಮಾಡಿನ ಹತ್ತಿರಕ್ಕೂ ತರಬಾರದು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ನೂರಾರು ವರ್ಷದ ಮರದ ಮಾಡು 2019ರ ಏಪ್ರಿಲ್ 15ರಂದು ಸುಟ್ಟುಹೋದದ್ದು ದುರಸ್ತಿ ಕೆಲಸ ನಡೆಯುತ್ತಿದ್ದ ಕಾಲದಲ್ಲಿ. ಗೇರೆಣ್ಣೆ ಬಳಿದ ನಮ್ಮ ಪಕ್ಕಾಸುಗಳಿಗೆ ಒಂದು ಬೀಡಿಯ ಕಿಡಿ ಸಾಕು.

ಮಾಡಿನಲ್ಲಿ ಇರುವ ಜೀವಿಗಳು

ಹಳೆಯ ಮಾಡು ಖಾಲಿ ಇರುವುದಿಲ್ಲ. ಮುಚ್ಚಿಗೆಯ ಮೇಲೆ ಬಾವಲಿ, ಪಾರಿವಾಳ, ಗೂಬೆ, ಅಳಿಲು, ಕೆಲವೊಮ್ಮೆ ಕೇರೆ ಹಾವು, ಗೋಡೆಯ ಸಂದಿಯಲ್ಲಿ ಮುಜಂಟಿ ಜೇನು, ಹೊರಚಾಚಿನಲ್ಲಿ ಹೆಜ್ಜೇನು. ಬೇರೆಯವರಿಗೆ ಇದು ತೊಂದರೆ ಮಾತ್ರ, ಜೈನರ ಸಂಸ್ಥೆಗಳಿಗೆ ಧರ್ಮದ ಪ್ರಶ್ನೆಯೂ ಹೌದು. ಕೆಲಸದವರು ತಮ್ಮ ಅಭ್ಯಾಸದಂತೆ ಹೊಗೆ ಹಾಕಿ, ಸುಟ್ಟು, ಹೊಡೆದು ಮುಗಿಸಿಬಿಡುತ್ತಾರೆ. ಆಮೇಲೆ ಬೇಸರಪಟ್ಟು ಫಲವಿಲ್ಲ, ಮೊದಲೇ ನೋಡಿ ಏರ್ಪಾಡು ಮಾಡಬೇಕು.

ಬಿಚ್ಚುವ ದಿನಕ್ಕೆ ಒಂದೂವರೆ ಎರಡು ತಿಂಗಳು ಮೊದಲು ಟಾರ್ಚು ಹಿಡಿದು ಮಾಡಿನ ಒಳಗೆಲ್ಲ ನೋಡಬೇಕು. ಪಾರಿವಾಳದ ಮರಿ ಹಾರಲು ನಾಲ್ಕೈದು ವಾರ ಬೇಕು, ಗೂಬೆಯ ಮರಿಗೆ ಸುಮಾರು ಎರಡು ತಿಂಗಳು. ಮೊಟ್ಟೆ, ಮರಿ ಇರುವ ಮೂಲೆಯನ್ನು ಕಡೆಯ ಸರದಿಗೆ ಬಿಟ್ಟು ಇನ್ನೊಂದು ಮಗ್ಗುಲಿನಿಂದ ಶುರು ಮಾಡಿದರೆ ಯಾರಿಗೂ ನಷ್ಟವಿಲ್ಲ. ಹೆಜ್ಜೇನು ಕಾಲಕ್ಕೆ ತಕ್ಕಂತೆ ಬರುತ್ತದೆ, ಹೋಗುತ್ತದೆ, ಅದು ಎದ್ದು ಹೋದ ಮೇಲೆ ಆ ಭಾಗದ ಕೆಲಸ ಇಟ್ಟುಕೊಳ್ಳಬೇಕು. ಅದರ ಕೆಳಗೆ ಯಂತ್ರದ ಸದ್ದು ಮಾಡಿದರೆ ಕೆಲಸದವರಿಗೂ ದರ್ಶನಕ್ಕೆ ಬಂದವರಿಗೂ ಪ್ರಾಣಾಪಾಯ. ತುಡುವೆ, ಮುಜಂಟಿಯನ್ನು ಪೆಟ್ಟಿಗೆಗೆ ಕೂಡಿಸಿ ಒಯ್ಯಲು ನಮ್ಮ ಕಡೆಯ ಜೇನು ಸಾಕುವವರು ಸಂತೋಷದಿಂದ ಬರುತ್ತಾರೆ. ಬಾವಲಿಗಳು ಸಂಜೆ ಹೊರಟ ಮೇಲೆ ಸಂದಿಗೆ ಬಲೆ ಇಳಿಬಿಡಬೇಕು, ಒಳಗೆ ಉಳಿದವು ಹೊರಬರಲು ಸಾಧ್ಯವಾಗುವಂತೆ, ಮತ್ತೆ ಒಳಗೆ ಹೋಗಲು ಆಗದಂತೆ. ಮರಿಗಳಿದ್ದಾಗ ಮಾತ್ರ ಹೀಗೆ ಮಾಡಬಾರದು, ತಾಯಿ ಹೊರಗೆ, ಮರಿ ಒಳಗೆ ಆಗುತ್ತದೆ.

ಗೆದ್ದಲಿನ ಪ್ರಶ್ನೆ ಬಂದಾಗ ಸಮಿತಿಗಳಲ್ಲಿ ವಾದ ಆಗುವುದುಂಟು. ಔಷಧ ಹೊಡೆಸಿದರೆ ಹಿಂಸೆ, ಬಿಟ್ಟರೆ ಬಸದಿಯ ಮಾಡೇ ಉಳಿಯದು. ಗೆದ್ದಲು ಹೆಚ್ಚಾಗಿ ಬರುವುದು ಒದ್ದೆ ಮರಕ್ಕೆ. ಸೋರಿಕೆ ನಿಲ್ಲಿಸಿ, ಪಕ್ಕಾಸಿನ ತುದಿಯನ್ನು ಮುರಕಲ್ಲಿನ ಒದ್ದೆ ಗೋಡೆಗೆ ನೇರ ತಾಗಿಸದೆ ನಡುವೆ ಗಾಳಿಯಾಡಲು ಬಿಟ್ಟು, ಮರಕ್ಕೆ ಗೇರೆಣ್ಣೆ ಬಳಿದರೆ ಗೆದ್ದಲು ಹತ್ತುವುದು ಬಹಳ ಕಡಿಮೆ. ಕಾರ್ಕಳದಲ್ಲಿ ಗೇರುಬೀಜದ ಕಾರ್ಖಾನೆಗಳಿರುವುದರಿಂದ ಗೇರೆಣ್ಣೆಗೆ ದೂರ ಹೋಗಬೇಕಿಲ್ಲ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕೈಚೀಲ ಹಾಕಿಯೇ ಬಳಿಯಬೇಕು. ಸುಣ್ಣ ನೆನೆಸಿದ ತೊಟ್ಟಿ, ನೀರಿನ ಡ್ರಮ್ಮುಗಳ ಬಾಯಿಗೆ ಬಟ್ಟೆ ಕಟ್ಟಬೇಕು. ಹುಳ, ಕೀಟ ಬೀಳುವುದಿಲ್ಲ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ಟೆರೇಸಿನ ಸೋರಿಕೆ ನೋಡಲು ನೀರು ಕಟ್ಟಿ ನಿಲ್ಲಿಸುವುದಾದರೆ ಎರಡು ದಿನಕ್ಕಿಂತ ಹೆಚ್ಚು ಬೇಡ.

ಮೇಲೆ ಹತ್ತುವವರು

ಇರುವೆಯ ಜೀವಕ್ಕೆ ಇಷ್ಟು ಯೋಚಿಸುವವರು ಮಾಡಿನ ಮೇಲಿರುವ ಮನುಷ್ಯನ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಮಾಡಿನ ಕೆಲಸದಲ್ಲಿ ಸಾವು ಬರುವ ದಾರಿಗಳಲ್ಲಿ ಎರಡು: ಹಳೆಯ ಸಿಮೆಂಟು ಶೀಟು ಕಾಲ ಕೆಳಗೆ ಮುರಿದು, ಇಲ್ಲವೆ ಕಬ್ಬಿಣದ ಏಣಿ ಕರೆಂಟು ತಂತಿಗೆ ತಾಗಿ. ಸಿಮೆಂಟು ಶೀಟಿನ ಮೇಲೆ ಯಾರೂ ನೇರ ಕಾಲಿಡಬಾರದು, ಉದ್ದದ ಹಲಗೆ ಹಾಸಿ ಅದರ ಮೇಲೆಯೇ ನಡೆಯಬೇಕು. ಸೊಂಟದ ಬೆಲ್ಟು, ಹಗ್ಗ ಇದ್ದರೆ ಸಾಲದು, ಹಗ್ಗವನ್ನು ಗಟ್ಟಿ ಜಾಗಕ್ಕೆ ಕಟ್ಟಿರಬೇಕು. ತಂತಿ ಹತ್ತಿರ ಇದ್ದರೆ ಮೆಸ್ಕಾಂ ಕಚೇರಿಗೆ ಮೊದಲೇ ಬರೆದುಕೊಟ್ಟು ಆ ಗಂಟೆಗಳಲ್ಲಿ ಲೈನ್ ಆಫ್ ಮಾಡಿಸಬೇಕು. ಕೆಲಸದವರಿಗೆ ವಿಮೆ ಇದೆಯೇ ಎಂದು ಕಾಗದ ನೋಡಿ ತಿಳಿದುಕೊಳ್ಳಬೇಕು, ಬಾಯಿ ಮಾತು ಸಾಲದು. ಮನೆಯ ಯಜಮಾನನನ್ನು ಕಳೆದುಕೊಂಡ ಕುಟುಂಬಕ್ಕೆ ಆಮೇಲೆ ಸಂಗ್ರಹಿಸಿ ಕೊಡುವ ಹಣ ಎಷ್ಟಾದರೂ ಕಡಿಮೆಯೇ.

ಈಗ ಕೆಲಸಕ್ಕೆ ಬರುವವರು ಉತ್ತರ ಕರ್ನಾಟಕ, ಒಡಿಶಾ, ಜಾರ್ಖಂಡ್, ಬಂಗಾಳದ ಕಡೆಯವರು. ಬಸದಿಯ ಆವರಣದಲ್ಲಿ ಮಾಂಸ, ಮದ್ಯ, ಬೀಡಿ ಕೂಡದು, ಚಪ್ಪಲಿ ಇಲ್ಲಿವರೆಗೆ ಮಾತ್ರ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ಗುತ್ತಿಗೆ ಮಾತಾಡುವಾಗಲೇ ಅವರ ಭಾಷೆ ಬಲ್ಲವರಿಂದ ಹೇಳಿಸಬೇಕು, ಊಟಕ್ಕೆ, ಮಲಗುವುದಕ್ಕೆ ಆವರಣದ ಹೊರಗೆ ಜಾಗ ತೋರಿಸಬೇಕು. ಮಧ್ಯಾಹ್ನದ ಊಟವನ್ನು ಊರಿನ ಶ್ರಾವಕರೇ ಸರದಿಯಲ್ಲಿ ಕೊಟ್ಟರೆ ಈ ತೊಡಕುಗಳು ಅರ್ಧ ಕಡಿಮೆಯಾಗುತ್ತವೆ, ಕೆಲಸವೂ ಮನಸ್ಸಿಟ್ಟು ಆಗುತ್ತದೆ.

ಲೆಕ್ಕ, ಕರಾರು

ಜಗಳ ಹೆಚ್ಚಾಗಿ ಹುಟ್ಟುವುದು ಅಳತೆಯಲ್ಲಿ. ಮಾಡು ಇಳಿಜಾರಾಗಿರುವುದರಿಂದ ಅದರ ವಿಸ್ತೀರ್ಣ ಕೆಳಗಿನ ನೆಲಕ್ಕಿಂತ ಹೆಚ್ಚು. 30 ಡಿಗ್ರಿ ಇಳಿಜಾರಿದ್ದರೆ 1000 ಚದರ ಅಡಿ ನೆಲಕ್ಕೆ ಸುಮಾರು 1155 ಚದರ ಅಡಿ ಮಾಡು ಬರುತ್ತದೆ, ಗೋಡೆಯಾಚೆಗಿನ ಹೊರಚಾಚು ಬೇರೆ. ಸಮಿತಿಯವರು ನೆಲದ ಅಳತೆ ಹಿಡಿದು ದರ ಒಪ್ಪುತ್ತಾರೆ, ಬಿಲ್ಲು ಮಾಡಿನ ಅಳತೆಯಲ್ಲಿ ಬರುತ್ತದೆ, ಮೋಸವಾಯಿತು ಎಂದು ಮಾತು ಬೆಳೆಯುತ್ತದೆ. ಯಾವ ಅಳತೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಸಬೇಕು. ಹಳೆಯ ಹಂಚು, ಮರ ಯಾರಿಗೆ ಸೇರಬೇಕು, ಕೆಟ್ಟ ಪಕ್ಕಾಸು ಲೆಕ್ಕಕ್ಕಿಂತ ಹೆಚ್ಚು ಕಂಡರೆ ದರ ಹೇಗೆ, ಕಸವನ್ನು ಎಲ್ಲಿಗೆ ಸಾಗಿಸಬೇಕು, ಟರ್ಪಾಲು ಯಾರದು, ಇವೆಲ್ಲ ಕರಾರಿನಲ್ಲಿ ಇರಲಿ. ಮಾಡು ಬಿಚ್ಚಿದ ಮೇಲೆ ಮಾತಾಡಲು ಹೋದರೆ ಸಮಿತಿಯವರ ಕೈ ಕೆಳಗಾಗಿರುತ್ತದೆ.

ಮೂರು ಕೊಟೇಶನಿನಲ್ಲಿ ಅತಿ ಕಡಿಮೆಯದನ್ನೇ ಒಪ್ಪಬೇಕೆಂದು ಯಾವ ನಿಯಮವೂ ಇಲ್ಲ. ಕಡಿಮೆ ಬರೆದವರು ಸಾರುವೆ, ಚಪ್ಪರ, ದಂಬೆ, ವಿಮೆ ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆ ಎಂದು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಸಾಮಾನು ಬಂದು ಬಿದ್ದಷ್ಟಕ್ಕೆ ಮಾತ್ರ ಮುಂಗಡ, ಉಳಿದದ್ದು ಕೆಲಸ ನೋಡಿ. ನೂರಕ್ಕೆ ಹತ್ತು ಪಾಲನ್ನು ಮೊದಲ ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಕರಾರು ಒಳ್ಳೆಯದು. ನಂಬಿಕೆಯ ಮೇಸ್ತ್ರಿಗಳು ಇದಕ್ಕೆ ಬೇಸರ ಪಡುವುದಿಲ್ಲ.

ಕೆಲಸ ಮುಗಿದ ದಿನ ಪೈಪಿನಿಂದ ನೆತ್ತಿಯ ಮೇಲೆ, ಎರಡು ಮಾಡು ಸೇರುವ ಮೂಲೆಯಲ್ಲಿ ಅರ್ಧ ಗಂಟೆ ನೀರು ಬಿಟ್ಟು, ಒಳಗೆ ಒಬ್ಬರು ಟಾರ್ಚು ಹಿಡಿದು ನೋಡಬೇಕು. ದಂಬೆಯಲ್ಲಿ ಸಿಕ್ಕಿಕೊಂಡ ಹಂಚಿನ ಚೂರು, ತೆಂಗಿನ ಗರಿ ತೆಗೆಸಬೇಕು. ಆಮೇಲೆ ಒಂದು ದೊಡ್ಡ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಅಂಗಳ, ಜಗಲಿ, ಪ್ರದಕ್ಷಿಣೆಯ ದಾರಿಯಲ್ಲೆಲ್ಲ ಎಳೆಯಬೇಕು. ಮೊಳೆ, ಸ್ಕ್ರೂ, ಕಬ್ಬಿಣದ ಚೂರು ಅದಕ್ಕೆ ಅಂಟಿ ಬರುತ್ತವೆ, ತಾಮ್ರದ ಮೊಳೆ ಅಂಟುವುದಿಲ್ಲ, ಅದನ್ನು ಕಣ್ಣಿಂದಲೇ ನೋಡಿ ಹೆಕ್ಕಬೇಕು. ಮರುದಿನ ಬೆಳಿಗ್ಗೆ ಅಲ್ಲಿ ನಡೆಯುವವರೆಲ್ಲರೂ ಬರಿಗಾಲಿನವರು.